ಕಲ್ಲಿಗೊಂದು ಮುಖ

ಅಕ್ಟೋಬರ್ 4

ಬೆಳಿಗ್ಗೆ ಚಹಾಕ್ಕೆ ಕೂತಾಗ ಅಕ್ಕ ತನ್ನ ಸಮಾಧಿಯ ಕಲ್ಲಿನ ಮಾತು ತೆಗೆದಳು, ಜನ ಕಿಟಕಿ ಪರದೆಯ ಬಣ್ಣ ಆರಿಸುವ ಹಾಗೆ. ಕರಿ ಕಲ್ಲೇ ಬೇಕಂತೆ. ಎಲ್ಲರ ಕಲ್ಲಿನ ಮೇಲೂ ಇರುವ ಹಾಗೆ ಅದರ ಮೇಲೆ ತನ್ನ ಮುಖ ಕೊರೆಸಬೇಕಂತೆ. ಆ ಮುಖದ ಫೋಟೋವನ್ನು ನಾನು ತೆಗೆಯಬೇಕಂತೆ.

"ನಾನಾ?" ಅಂದೆ.

"ಇನ್ಯಾರು? ಈ ಊರಲ್ಲಿ ಫೋಟೋ ತೆಗೆಯೋಕೆ ಬರ್ತಿದ್ದೋಳು ಒಬ್ಬಳೇ. ಅವಳಿಗೆ ಈಗ ಬಲಗೈ ಏಳಲ್ಲ."

ಪಾರ್ಶ್ವವಾಯು ಹೊಡೆದು ಒಂದು ತಿಂಗಳ ಮೇಲಾಯಿತು. ಬಲಗೈ, ಬಲಗಾಲು, ಬಾಯಿಯ ಬಲ ಅಂಚು ಮೂರೂ ಕೆಳಗೆ ಜಾರಿವೆ. ನಾಲಿಗೆ ಜಾರಿಲ್ಲ. ನಿಧಾನವಾಗಿದೆ ಅಷ್ಟೆ. ಮೊದಲು ಚುಚ್ಚಿ ಹೋಗುತ್ತಿತ್ತು, ಈಗ ಚುಚ್ಚಿ ಅಲ್ಲೇ ನಿಲ್ಲುತ್ತದೆ. ನನ್ನ ಮನೆಗೆ ಬೀಗ ಹಾಕಿ ಅವಳ ಮನೆಗೆ ಬಂದಿದ್ದೇನೆ. ಬಾ ಅಂತ ಅವಳು ಕರೆದಿರಲಿಲ್ಲ, ಹೋಗು ಅಂತಲೂ ಅಂದಿಲ್ಲ. ನಮ್ಮಿಬ್ಬರ ನಡುವೆ ಇದನ್ನು ಆದರದ ಸ್ವಾಗತವೆಂದೇ ಎಣಿಸಬೇಕು.

ನಮ್ಮ ಈ ಕರಕೋಲ್ ಊರಿನ ಅರ್ಧ ಜನರ ಮುಖ ಇವಳ ಸ್ಟುಡಿಯೋದಲ್ಲಿ ತಯಾರಾದದ್ದು. ಬೆಟ್ಟದಿಂದ ಕುರುಬ ಇಳಿದು ಬಂದರೆ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದ ಸ್ಟುಡಿಯೋದ ಕೋಟನ್ನು ತೊಡಿಸಿ, ದೊಗಲೆಯಾದರೆ ಬೆನ್ನಿಗೆ ಪಿನ್ನು ಚುಚ್ಚಿ ಕೂರಿಸುತ್ತಿದ್ದಳು. ಇಡೀ ಜಿಲ್ಲೆಯ ಗಂಡಸರು ಒಂದೇ ಕೋಟಿನಲ್ಲಿ ಗಣ್ಯರಾದರು. ಮುಚ್ಚಿಹೋದ ಕಣ್ಣನ್ನು ಪೆನ್ಸಿಲಿನಿಂದ ತೆರೆಸುತ್ತಿದ್ದಳು. ಸಿಡುಬಿನ ಕಲೆಯನ್ನು ಚಿಕ್ಕ ಅಲಗಿನಿಂದ ಕೆರೆದು ಕಳಿಸುತ್ತಿದ್ದಳು. ಎಲ್ಲರೂ ಸಂತೋಷವಾಗಿ ಮನೆಗೆ ಹೋದರು. ನಿಜವೊಂದೇ ಸ್ಟುಡಿಯೋದಲ್ಲಿ ಉಳಿಯಿತು. ಈಗ ಅಲ್ಲಿ ಮೊಬೈಲಿನ ಕವಚ ಮಾರುತ್ತಾರೆ.

ಇಷ್ಟು ಜನರ ಮುಖ ತೆಗೆದವಳ ಸ್ವಂತ ಮುಖ ಎಲ್ಲೂ ಇಲ್ಲ. ಇರುವುದು ಪಾಸ್‌ಪೋರ್ಟಿನದೊಂದೇ. ಅದರಲ್ಲಿ ಸಂತೆಯಲ್ಲಿ ಸಿಕ್ಕಿಬಿದ್ದ ಕಳ್ಳಿಯ ಹಾಗಿದ್ದಾಳೆ. ಬೇರೆ ಫೋಟೋ ಸಿಗದಿದ್ದರೆ ಕಲ್ಲು ಕೊರೆಯುವ ಮಾರ್ಲಿಸ್ ಅದನ್ನೇ ಕೊರೆಯುತ್ತಾನೆ. ಮಳೆ, ಹಿಮ ಏನು ಬಿದ್ದರೂ ಅಳಿಯುವುದಿಲ್ಲ.

ಒಪ್ಪಿಕೊಂಡೆ. ಒಂದು ಷರತ್ತು ಹಾಕಿದೆ. ಇದ್ದದ್ದು ಇದ್ದ ಹಾಗೆ. ತಿದ್ದುವುದಿಲ್ಲ, ಕೆರೆಯುವುದಿಲ್ಲ.

"ಆಗಲಿ, ಗ್ರಂಥಪಾಲಕಿಯವರೇ" ಅಂದಳು. ನನ್ನನ್ನು ಹುದ್ದೆಯಿಂದ ಕರೆದಳೆಂದರೆ ಒಪ್ಪಿಲ್ಲ ಎಂದರ್ಥ.

ಅಕ್ಟೋಬರ್ 7

ಷರತ್ತಿಗೆ ಕಾರಣವಿದೆ. ಬೇರೆ ಯಾರೂ ನೆನಪಿಟ್ಟುಕೊಳ್ಳದ ಕಾರಣ ಇಲ್ಲಿ ಬರೆದಿಡುತ್ತೇನೆ.

ನನಗೆ ಆರು ವರ್ಷ, ಅವಳಿಗೆ ಹತ್ತು. ಬೇಕರಿಯ ಹಿಂದಿನ ಇಳಿಜಾರಿನಲ್ಲಿ ಹಿಮಗಾಡಿಯನ್ನು ನಡೆಸುತ್ತಿದ್ದವಳು ಅವಳು. "ಸುಮ್ನೆ ಕೂತ್ಕೋ, ನನಗೆ ಗೊತ್ತು" ಅಂದಳು. ಅವಳಿಗೆ ಎಲ್ಲ ಗೊತ್ತಿತ್ತು, ಕೆಳಗಿನ ನೀರಿನ ಪಂಪೊಂದನ್ನು ಬಿಟ್ಟು. ಅದರ ಕಬ್ಬಿಣಕ್ಕೆ ನನ್ನ ಗದ್ದ ಹೊಡೆಯಿತು. ಗಾಯದ ಗೆರೆ ಇವತ್ತಿಗೂ ಇದೆ. ಚಳಿ ಬಂದರೆ ಕೆಂಪಾಗುತ್ತದೆ, ಇಲ್ಲಿ ಚಳಿ ಯಾವಾಗ ಇರುವುದಿಲ್ಲ?

ಆಗಿದ್ದು ಆಯಿತು, ಮಕ್ಕಳು. ನನ್ನ ದೂರು ಅದಲ್ಲ. ದೊಡ್ಡವಳಾದ ಮೇಲೆ, ಕೈಗೆ ಕ್ಯಾಮೆರಾ ಬಂದ ಮೇಲೆ, ನನ್ನ ಪ್ರತಿಯೊಂದು ಫೋಟೋದಿಂದಲೂ ಆ ಗೆರೆಯನ್ನು ಅವಳು ಅಳಿಸಿದಳು. ಒಮ್ಮೆಯೂ ಕೇಳಲಿಲ್ಲ. ಎಪ್ಪತ್ತೊಂಬತ್ತನೆಯ ಇಸವಿಯಲ್ಲಿ ಊರ ಚೌಕದ ಗೌರವ ಫಲಕದಲ್ಲಿ ಉತ್ತಮ ಕೆಲಸಗಾರರ ಸಾಲಿನಲ್ಲಿ ನನ್ನ ಫೋಟೋ ಹಾಕಿದರು. ಮುಖ ಬೆಣ್ಣೆಯಲ್ಲಿ ಮಾಡಿದ ಹಾಗಿತ್ತು. ಹೋಗಿಬರುವವರು ನಿಂತು ನೋಡಿ ಅಭಿನಂದಿಸಿದ್ದು ಅಕ್ಕನನ್ನು. "ಎಷ್ಟು ಚೆನ್ನಾಗಿ ಮಾಡಿದ್ದೀಯಾ" ಅಂದರು, ನಾನು ಅವಳು ಬೇಯಿಸಿದ ರೊಟ್ಟಿ ಎಂಬಂತೆ.

ಯಾಕೆ ತೆಗೆದೆ ಅಂತ ಆಗಲೇ ಕೇಳಿದ್ದೆ. "ಬೆಳಕು ಹಾಗೆ ಬಿತ್ತು" ಅಂದಳು. ಮುಂದೆ ಸ್ಟುಡಿಯೋ ಮುಚ್ಚುವವರೆಗೂ ಆ ಬೆಳಕು ನನ್ನ ಗದ್ದದ ಮೇಲೆ ಹಾಗೆಯೇ ಬೀಳುತ್ತಿತ್ತು.

ಪಾಸ್‌ಪೋರ್ಟ್ ಬದಲಿಸಲು ಹೋದಾಗ ಕಿಟಕಿಯ ಹಿಂದಿನ ಗುಮಾಸ್ತೆ ಫೋಟೋ ನೋಡಿದಳು, ನನ್ನನ್ನು ನೋಡಿದಳು. "ಇದು ನೀವಲ್ಲ" ಅಂದಳು. ನಾನು ನಾನೇ ಎಂದು ಹೇಳಲು ಸಾಕ್ಷಿ ಬೇಕಾಯಿತು. ಸಾಕ್ಷಿಯಾಗಿ ಬಂದದ್ದು ಅಕ್ಕ. ಗಾಯ ಮಾಡಿದವಳೇ ಗುರುತು ಅಳಿಸಿದಳು, ಅವಳೇ ಬಂದು ಪ್ರಮಾಣ ಮಾಡಿದಳು. ನ್ಯಾಯ ಇಷ್ಟು ಸಲೀಸಾಗಿ ನಡೆದದ್ದನ್ನು ನಾನು ಪುಸ್ತಕದಲ್ಲೂ ಓದಿಲ್ಲ.

ಅಕ್ಟೋಬರ್ 16

ಫಿಲ್ಮ್ ಫ್ರಿಜ್ಜಿನಲ್ಲಿ ಬೆಣ್ಣೆಯ ಹಿಂದೆ ಇತ್ತು. ಒಂದೇ ಸುರುಳಿ. ಅದರ ಅವಧಿ ಮುಗಿದು ಎಷ್ಟೋ ವರ್ಷವಾಗಿದೆ. "ನನ್ನದೂ ಮುಗಿದಿದೆ, ಜೋಡಿ ಸರಿಹೋಗತ್ತೆ" ಅಂದಳು. ಮೊಬೈಲಿನಲ್ಲಿ ತೆಗೆಯುತ್ತೇನೆ ಅಂದದ್ದಕ್ಕೆ ಒಂದು ದಿನ ಮಾತು ಬಿಟ್ಟಿದ್ದಳು.

ಕ್ಯಾಮೆರಾ ಮೇಲಿನಿಂದ ಬಗ್ಗಿ ನೋಡುವಂಥದು. ಅದರೊಳಗೆ ಎಡ ಬಲ ಅದಲುಬದಲಾಗಿ ಕಾಣುತ್ತದೆ. ಅಕ್ಕನನ್ನು ನಡುವೆ ತರಲು ಎಡಕ್ಕೆ ತಿರುಗಿಸಿದರೆ ಅವಳು ಇನ್ನೂ ದೂರ ಓಡುತ್ತಾಳೆ. ಸ್ವಭಾವಕ್ಕೆ ತಕ್ಕ ಯಂತ್ರ.

ಅವಳು ಕಿಟಕಿಯ ಪಕ್ಕ ಕೂತು ತನಗೆ ತಾನೇ ಆಜ್ಞೆ ಕೊಟ್ಟುಕೊಂಡಳು. ಗದ್ದ ಇಳಿಸು, ಭುಜ ಸಡಿಲಿಸು, ಉಸಿರು ಹಿಡಿ. ಕೂಡಲೇ ಅವಳ ಮುಖದ ಮೇಲೆ ಸ್ಟುಡಿಯೋದ ಕೋಟು ಬಂದು ಕೂತಿತು. ನಾನು ಗುಂಡಿ ಒತ್ತಿದೆ.

"ಮುಚ್ಚಳ ತೆಗೆದಿದ್ದೀಯಾ?" ಅಂದಳು.

ತೆಗೆದಿರಲಿಲ್ಲ.

"ಒಂದು ಹೋಯ್ತು. ಕತ್ತಲೆಯ ಒಳ್ಳೆ ಚಿತ್ರ ಬಂದಿರತ್ತೆ. ಅದನ್ನ ನಿನ್ನ ಕಲ್ಲಿಗೆ ಇಟ್ಕೋ."

ಅಕ್ಟೋಬರ್ 25

ಪಕ್ಕದ ಮನೆಯ ರಾಯ್ಕಾನ್ ಬಂದಿದ್ದಳು. ಸೇಬು ತಂದಿದ್ದಳು, ಅದಕ್ಕಿಂತ ಹೆಚ್ಚಾಗಿ ನನಗೆ ಸಲಹೆ ತಂದಿದ್ದಳು.

"ಫೋಟೋ ಯಾಕೆ ಅಷ್ಟು ತಲೆ ಕೆಡಿಸ್ಕೋತೀರಾ ಅನಿಪಾ ಅವ್ರೇ? ಮಾರ್ಲಿಸ್ ಹತ್ರ ಎಲ್ಲ ಇದೆ. ನಮ್ಮತ್ತೆದು ತಲೆ ಒಂದೇ ಕೊಟ್ವಿ. ಅವನೇ ಮೈ ಹಾಕಿದ, ಮುತ್ತಿನ ಸರ ಹಾಕಿದ, ಹಿಂದೆ ಹಿಮದ ಬೆಟ್ಟನೂ ಹಾಕಿದ. ಬದುಕಿದ್ದಾಗ ಅವರು ಹಾಗೆ ಒಂದಿನಾನೂ ಇರ್ಲಿಲ್ಲ."

"ಅದಕ್ಕೇ ಹಾಕಿದ್ದಾನೆ" ಅಂದಳು ಅಕ್ಕ.

ರಾಯ್ಕಾನ್ ಅಕ್ಕನ ಬಾಯಿಯ ಕಡೆ ನೋಡದಿರಲು ಪಾಪ ಎಷ್ಟು ಕಷ್ಟಪಟ್ಟಳೆಂದರೆ ಮಾತಾಡುವಷ್ಟು ಹೊತ್ತೂ ಚಹಾದ ನೀರು ಕಾಯಿಸುವ ಸಮೋವರಿನ ಕಡೆಗೇ ನೋಡುತ್ತಿದ್ದಳು. ಸಮೋವರಿಗೂ ಮುಜುಗರವಾಗಿರಬೇಕು. ಕೂರಲಿ ಎಂದು ಬಯಸುವ ಅತಿಥಿಗೆ ಬಟ್ಟಲಿನ ಅರ್ಧದಷ್ಟೇ ಚಹಾ ಹಾಕುತ್ತೇವೆ, ಮತ್ತೆ ಮತ್ತೆ ಹಾಕಲು ಆಗಲಿ ಎಂದು. ನಾನು ಅವಳಿಗೆ ಅಂಚಿನವರೆಗೆ ತುಂಬಿ ಕೊಟ್ಟೆ. ಅರ್ಥವಾಗಿ ಎದ್ದು ಹೋದಳು.

"ಪಾಪ, ಸೇಬು ತಂದಿದ್ದಳು" ಅಂದಳು ಅಕ್ಕ.

"ಸೇಬು ಒಳಗಿದೆ."

ಅವಳು ನಕ್ಕಳು. ಎಡಗಡೆ ಮಾತ್ರ.

ನವೆಂಬರ್ 3

ಫೋಟೋ ಎರಡು ತೆಗೆದೆ. ಎರಡೂ ಬಾರಿ ಬೈಸಿಕೊಂಡೆ. ಹಿಮ ಬಿತ್ತು. ನಗರಸಭೆಯವರಿಗೆ ಪ್ರತಿ ವರ್ಷದ ಹಾಗೆ ಇದು ಅನಿರೀಕ್ಷಿತ.

ನವೆಂಬರ್ 14

ದಿನಕ್ಕೊಂದರಂತೆ ತೆಗೆದು ತೆಗೆದು ಸುರುಳಿಯಲ್ಲಿ ಕೊನೆಯದೊಂದು ಉಳಿದಿತ್ತು. ಅಕ್ಕ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಇಡಿಸಿ, ತಾನಾಗಿಯೇ ತೆಗೆದುಕೊಳ್ಳುವ ಕೀಲಿ ಕೊಡಿಸಿದಳು.

"ಬಾ, ಪಕ್ಕ ಕೂತ್ಕೋ."

"ಕಲ್ಲು ನಿನಗೆ. ನಾನ್ಯಾಕೆ?"

"ನೀನು ಅದರ ಹಿಂದೆ ನಿಂತಿದ್ರೆ ನನಗೆ ನಿನ್ನ ತಲೆ ಮಾತ್ರ ಕಾಣತ್ತೆ. ಬಿಳಿ ಕೂದಲಿಗೆ ಎಷ್ಟು ಅಂತ ಪೋಸು ಕೊಡ್ಲಿ? ಬಾರೆ, ಕೀಲಿ ಓಡ್ತಿದೆ."

ಓಡಿ ಹೋಗಿ ಕೂತೆ. ಚಪ್ಪಲಿ ಒಂದು ಕಾಲಿನಿಂದ ಕಳಚಿತು. ಅಕ್ಕ ಮುಂದೆ ನೋಡುವುದು ಬಿಟ್ಟು ನನ್ನ ಕಡೆ ತಿರುಗಿ "ಗದ್ದ ಇಳಿಸು, ಮೇಕೆ ಥರ ಎತ್ತಬೇಡ" ಅಂದಳು. ಅಷ್ಟರಲ್ಲಿ ಅದು ಕ್ಲಿಕ್ಕೆಂದಿತು. ಕೊನೆಯದೂ ಹಾಳಾಯಿತು.

ನವೆಂಬರ್ 17

ಮಧ್ಯಾಹ್ನ ಸ್ನಾನದ ಮನೆಯ ಕಿಟಕಿಗೆ ಕಂಬಳಿ ಹೊಡೆದು, ಬಾಗಿಲ ಸಂದಿಗೆ ಟವೆಲು ತುರುಕಿ ಒಳಗೆ ಕೂತೆವು. ಅಕ್ಕ ಸ್ಟೂಲಿನ ಮೇಲೆ, ನಾನು ಸ್ನಾನದ ತೊಟ್ಟಿಯ ಅಂಚಿನ ಮೇಲೆ. ಫಿಲ್ಮನ್ನು ಪೂರ್ತಿ ಕತ್ತಲಲ್ಲಿ ಚಕ್ರಕ್ಕೆ ಸುತ್ತಿ ಡಬ್ಬಿಯೊಳಗೆ ಹಾಕಬೇಕು. ಒಂದು ಗೆರೆ ಬೆಳಕು ಬಿದ್ದರೂ ಎಲ್ಲ ಹೋಯಿತು.

"ಅಂಚು ಹಿಡಿ. ಮಧ್ಯ ಮುಟ್ಟಬೇಡ."

"ಕಾಣ್ತಿಲ್ಲ ಅಕ್ಕ."

"ಕತ್ತಲಲ್ಲಿ ಕಾಣಲ್ಲ ಕಣೆ. ಅಷ್ಟೊಂದು ಓದಿದ್ದೀಯಲ್ಲ."

ಫಿಲ್ಮ್ ಜಾರಿತು, ಮತ್ತೆ ಹಿಡಿದೆ, ಮತ್ತೆ ಜಾರಿತು. ಆಗ ಅವಳ ಎಡಗೈ ತಡಕಾಡುತ್ತ ಬಂದು ನನ್ನ ಬಲಗೈಯನ್ನು ಹಿಡಿಯಿತು. ಚಕ್ರವನ್ನು ಅವಳು ಹಿಡಿದಳು, ಫಿಲ್ಮನ್ನು ನಾನು ತಳ್ಳಿದೆ. ಇಬ್ಬರೂ ಸೇರಿ ಒಬ್ಬ ಮನುಷ್ಯನಿಗೆ ಸಾಕಾಗುವಷ್ಟು ಕೈಗಳಾದವು.

ಕತ್ತಲಲ್ಲಿ ಮುಖ ಕಾಣುವುದಿಲ್ಲ, ಅದಕ್ಕೇ ಇರಬೇಕು, ಕೇಳಿಬಿಟ್ಟೆ. "ನನ್ನ ಗದ್ದದ ಗೆರೆ ಯಾಕೆ ಅಳಿಸ್ತಿದ್ದೆ? ಬೆಳಕಿನ ಕತೆ ಬೇಡ."

"ಸುತ್ತು" ಅಂದಳು.

ಸುತ್ತಿದೆ. ಡಬ್ಬಿಯ ಮುಚ್ಚಳ ಹಾಕಿದ್ದಾಯಿತು. ಇನ್ನು ದೀಪ ಹಾಕಬಹುದಿತ್ತು. ಅವಳೂ ಹೇಳಲಿಲ್ಲ, ನಾನೂ ಹಾಕಲಿಲ್ಲ.

"ನಿನಗೆ ಕನ್ನಡಿ ಮುಂದೆ ನಿಂತಾಗ ಮಾತ್ರ ಕಾಣ್ತಿತ್ತು" ಅಂದಳು. "ನನಗೆ ನೀನು ಬಾಗಿಲಲ್ಲಿ ಬಂದಾಗೆಲ್ಲ ಕಾಣ್ತಿತ್ತು."

ಇದನ್ನು ಕ್ಷಮೆ ಕೇಳುವುದು ಎನ್ನಲಾಗದು. ನನ್ನ ಗಾಯದಿಂದ ತನಗಾದ ತೊಂದರೆಯ ಬಗ್ಗೆ ಅವಳು ಕೊಟ್ಟ ದೂರು ಎನ್ನಬಹುದು. ದಾಖಲಿಸಿಕೊಂಡಿದ್ದೇನೆ.

ನವೆಂಬರ್ 20

ಕೆಂಪು ದೀಪ ಹಾಕಿಕೊಂಡು ಚಿತ್ರಗಳನ್ನು ಕಾಗದಕ್ಕೆ ಇಳಿಸಿದೆವು. ನೀರಿನಲ್ಲಿ ಅಕ್ಕ ಒಬ್ಬೊಬ್ಬಳಾಗಿ ಎದ್ದು ಬಂದಳು. ಒಂದರಲ್ಲಿ ನೆತ್ತಿ ಇಲ್ಲ. ಇನ್ನೊಂದರಲ್ಲಿ ಪುಸ್ತಕದ ಕಪಾಟು ಅಕ್ಷರ ಓದುವಷ್ಟು ಸ್ಪಷ್ಟ. "ಗ್ರಂಥಪಾಲಕಿಯ ಕಣ್ಣು. ಕಪಾಟಿನ ಮುಂದೆ ಯಾರೋ ಮುದುಕಿ ಅಡ್ಡ ಬಂದಿದ್ದಾಳೆ" ಅಂದಳು. ಉಳಿದವುಗಳಲ್ಲಿ ಅವಳು ಗೌರವ ಫಲಕದ ಮುಖ ಹಾಕಿದ್ದಾಳೆ. ಅರ್ಧ ಮುಖ ಆಜ್ಞೆ ಪಾಲಿಸಿದೆ, ಅರ್ಧ ಪಾಲಿಸಿಲ್ಲ.

ಕೊನೆಯದು ಮಾತ್ರ ಬೇರೆ. ನಾನು ನೆಟ್ಟಗೆ ಮೇಕೆಯ ಹಾಗೆ ಕೂತಿದ್ದೇನೆ, ಗದ್ದದ ಗೆರೆ ಢಾಳಾಗಿ ಕಾಣುತ್ತಿದೆ. ಅಕ್ಕ ನನ್ನ ಕಡೆ ತಿರುಗಿ ಬೈಯುತ್ತಿದ್ದಾಳೆ. ಅದು ಅವಳೇ. ಮಾರ್ಲಿಸ್ ಎಷ್ಟು ಬೆಟ್ಟ ನಿಲ್ಲಿಸಿದರೂ ಅದು ಅವಳೇ.

"ಇದು" ಅಂದಳು. ಬಹಳ ಹೊತ್ತು ನೋಡಿದಳು. ಆಮೇಲೆ ಎಡಗೈ ಬೆರಳನ್ನು ಚಿತ್ರದಲ್ಲಿದ್ದ ತನ್ನ ಬಾಯಿಯ ಬಲ ಅಂಚಿಗೆ ಇಟ್ಟಳು. "ಇದನ್ನ ಸ್ವಲ್ಪ ಎತ್ತು. ಜಾಸ್ತಿ ಬೇಡ. ಅಲಗಿಂದ ಈ ನೆರಳು ಕೆರಿ, ಪೆನ್ಸಿಲಿಂದ ಇಲ್ಲೊಂದು ಗೆರೆ. ಹೇಳಿಕೊಡ್ತೀನಿ."

"ಷರತ್ತು ಮರೆತೆಯಾ?"

"ಅನಿಪಾ. ಸಮಾಧಿ ಹತ್ರ ಎಲ್ಲ ಬರ್ತಾರೆ. ನಮ್ಮವರೆಲ್ಲ. ನಾನು ಹೀಗೆ ನಿಂತಿರಬೇಕಾ?"

"ಊರಿಗೆಲ್ಲ ಮುಖ ತಿದ್ದಿದ್ದು ಸಾಕು. ಒಬ್ಬಳಾದ್ರೂ ಇದ್ದ ಹಾಗೆ ಇರಲಿ."

ಅವಳು ಅಡಿಗೆಮನೆಗೆ ಹೋಗಿ ಕೂತಳು. ಚಹಾದ ಕೆಟಲನ್ನು ಎಡಗೈಯಲ್ಲಿ ಎತ್ತಿ, ಮೇಜಿನ ಮೇಲೆಲ್ಲ ಚೆಲ್ಲುತ್ತ, ನನ್ನ ಬಟ್ಟಲನ್ನು ಅಂಚಿನವರೆಗೆ ತುಂಬಿ ನನ್ನ ಕಡೆ ತಳ್ಳಿದಳು.

ಅವಳದೇ ಮನೆಯಿಂದ ನನ್ನನ್ನು ಹೊರಗೆ ಹಾಕಿದ ಹಾಗಾಯಿತು. ಕುಡಿದು ಇನ್ನೊಂದು ಬಟ್ಟಲು ಕೇಳಿದೆ.

ಡಿಸೆಂಬರ್ 30

ಮತ್ತೆ ಕೇಳಲಿಲ್ಲ. ಫೋಟೋ ಅವಳ ಮಂಚದ ಪಕ್ಕ ಇದೆ, ಬಾಯಿಯ ಬಲ ಅಂಚು ಮುಚ್ಚುವ ಹಾಗೆ ಔಷಧದ ಬಾಟಲಿ ಒರಗಿಸಿ ಇಟ್ಟಿದ್ದಾಳೆ. ಬಾಟಲಿ ತೆಗೆದರೆ ಮತ್ತೆ ಇಡುತ್ತಾಳೆ.

ತತ್ವ ತತ್ವವೇ. ಹಾಗೆಂದು ನನಗೆ ನಾನೇ ದಿನಕ್ಕೊಮ್ಮೆ ಹೇಳಿಕೊಳ್ಳಬೇಕಾಗಿದೆ.

ಜನವರಿ 22

ಈಗ ಎದ್ದು ಕೂರುವುದಿಲ್ಲ. ಚಮಚದಿಂದ ಸಾರು ಕುಡಿಸಿದೆ. ಬಲಗಡೆಯಿಂದ ಇಳಿಯುತ್ತಿತ್ತು. ಒರೆಸಿದೆ. "ಹೀಗೆ ದಿನಾ ಒರೆಸ್ತೀಯಲ್ಲ, ಅದೂ ತಿದ್ದೋದೇ" ಅಂದಳು. ಅವಳ ಮಾತು ಈಗ ನನ್ನನ್ನು ಬಿಟ್ಟು ಬೇರೆಯವರಿಗೆ ಅರ್ಥವಾಗುವುದಿಲ್ಲ. ಬೈಗುಳವೆಲ್ಲ ನನಗೊಬ್ಬಳಿಗೇ.

ಫೆಬ್ರುವರಿ 9

ಅಕ್ಕ ಹೋದಳು.

ಫೆಬ್ರುವರಿ 13

ಶೋಕಗೀತೆ ಹಾಡಬೇಕಾದವಳು ತಂಗಿ. ಪದ್ಧತಿಯ ಹಾಗೆ ಗೋಡೆಯ ಕಡೆ ಮುಖ ಮಾಡಿ ಕೂತೆ. ದನಿ ಬರಲಿಲ್ಲ. ರಾಯ್ಕಾನ್ ಹಾಡಿದಳು. ಚೆನ್ನಾಗಿ ಹಾಡಿದಳು. ಅವಳಿಗೆ ಅರ್ಧ ಬಟ್ಟಲು ಚಹಾ ಕೊಟ್ಟೆ.

ಮಾರ್ಚ್ 20

ನಲವತ್ತನೆಯ ದಿನದ ಊಟ ಮುಗಿಯಿತು. ಹರೆಯದ ಮುಲ್ಲಾ ಹೋಗುವ ಮುಂಚೆ ಕಲ್ಲಿನ ಮೇಲೆ ಮುಖ ಕೊರೆಸುವುದು ಪಾಪ ಎಂದು ನನಗೆ ಬುದ್ಧಿ ಹೇಳಿದ. ಇವನ ಅಪ್ಪ ಸ್ಟುಡಿಯೋದ ಕೋಟು ತೊಟ್ಟು ಇವನ ಮನೆಯ ಗೋಡೆಯ ಮೇಲೆ ಇವತ್ತಿಗೂ ಗಣ್ಯನಾಗಿದ್ದಾನೆ. ಅವನ ಬೆನ್ನಿಗೆ ಪಿನ್ನು ಚುಚ್ಚಿದ್ದು ಯಾರೆಂದು ಹೇಳಲಿಲ್ಲ. ಊಟದ ದಿನ ಜಗಳ ಬೇಡವೆಂದು ಬಿಟ್ಟೆ.

ಮಾರ್ಲಿಸ್‌ನ ಅಂಗಳಕ್ಕೆ ಹೋದೆ. ಸಾಲಾಗಿ ನಿಂತ ಕರಿ ಕಲ್ಲುಗಳ ಮೇಲೆ ಊರಿನ ಸತ್ತವರೆಲ್ಲ ಹಿಮದ ಬೆಟ್ಟಗಳ ಮುಂದೆ ನಿಂತಿದ್ದಾರೆ, ಪ್ರವಾಸ ಬಂದವರ ಹಾಗೆ. ಫೋಟೋವನ್ನು ಕಂಪ್ಯೂಟರಿಗೆ ಹಾಕಿದ. ನಾನು ಬಾಯಿ ತೆರೆಯುವ ಮೊದಲೇ ನನ್ನನ್ನು ಕತ್ತರಿಸಿ ಎಸೆದ. ಆಮೇಲೆ ಅಕ್ಕನ ಎಡಗಡೆಯ ತುಟಿಯನ್ನು ಮಗುಚಿ ಬಲಗಡೆಗೆ ಅಂಟಿಸಿದ.

"ನೋಡಿ ಅಮ್ಮಾ, ಸರಿಹೋಯ್ತು. ಪಾರ್ಶ್ವವಾಯು ಹೊಡೆದೋರಿಗೆಲ್ಲ ಹೀಗೇ ಮಾಡ್ತೀನಿ."

ಪರದೆಯ ಮೇಲೆ ಒಬ್ಬ ಸುಂದರ ಅಪರಿಚಿತೆ ಇದ್ದಳು. ಎರಡೂ ಕಡೆ ಒಂದೇ ಸಮನಾಗಿ ನಗುತ್ತಿದ್ದಳು, ಚೌಕದಲ್ಲಿ ಗೌರವ ಫಲಕ ಕಿತ್ತ ಜಾಗದಲ್ಲಿ ಹಲ್ಲು ತೋರಿಸುವ ಬ್ಯಾಂಕ್ ಜಾಹೀರಾತಿನ ಹುಡುಗಿಯ ಹಾಗೆ. ನನ್ನ ಅಕ್ಕ ಆರೋಗ್ಯವಾಗಿದ್ದಾಗಲೂ ಎರಡು ಕಡೆ ಒಂದೇ ಸಮ ನಕ್ಕವಳಲ್ಲ. ಎಡಕ್ಕೆ ಮೊದಲು ನಗುತ್ತಿದ್ದಳು. ಬಲ ಅಂಚು ಸ್ವಲ್ಪ ತಡವಾಗಿ ಒಪ್ಪಿಕೊಳ್ಳುತ್ತಿತ್ತು, ಅದೂ ಪೂರ್ತಿಯಲ್ಲ.

"ಇದು ಅವಳಲ್ಲ" ಅಂದೆ.

"ಹಾಗಾದ್ರೆ ಇದ್ದ ಹಾಗೆ ಕೊರೀಲಾ? ಸೊಟ್ಟ?"

ಹೌದು ಎನ್ನಲು ಬಾಯಿ ತೆರೆದೆ. ಇಷ್ಟು ವರ್ಷ ಅದನ್ನೇ ಹೇಳಿಕೊಂಡು ಬಂದವಳು ನಾನು. "ಹಿಮ ಕರಗಿ ನೆಲ ಮೆತ್ತಗಾಗಲಿ, ಕಲ್ಲು ನಿಲ್ಲಿಸೋ ಹೊತ್ತಿಗೆ ಬರ್ತೀನಿ" ಎಂದು ಫೋಟೋ ಕಿತ್ತುಕೊಂಡು ಬಂದೆ.

ಏಪ್ರಿಲ್ 2

ಅಕ್ಕನ ಪೆನ್ಸಿಲುಗಳು ಮಿಠಾಯಿ ಡಬ್ಬಿಯಲ್ಲಿವೆ. ಸೂಜಿಯಷ್ಟು ಚೂಪಾಗಿ ಕೆತ್ತಿಟ್ಟಿದ್ದಾಳೆ. ಅಲಗಿನ ಹಿಡಿಗೆ ಸುತ್ತಿದ ದಾರದಲ್ಲಿ ಅವಳ ಬೆರಳಿನ ಗುಳಿ ಇದೆ.

ಇದು ಕೇವಲ ಪ್ರಾಯೋಗಿಕ ವಿಷಯ. ನಾನು ಮಾಡದಿದ್ದರೆ ಮಾರ್ಲಿಸ್ ಮಾಡುತ್ತಾನೆ. ಆ ಯಂತ್ರದ ಸುಳ್ಳಿಗಿಂತ ಮನೆಯಲ್ಲಿ ಮಾಡಿದ್ದು ಮೇಲು. ತತ್ವದ ಪ್ರಶ್ನೆ ಇದರಲ್ಲಿ ಬರುವುದಿಲ್ಲ.

ಒಂದು ಪ್ರತಿ ಕೆರೆದೆ. ಕಾಗದ ತೂತಾಯಿತು.

ಏಪ್ರಿಲ್ 8

ಕಂಬಳಿ ಹೊಡೆದು ಸ್ನಾನದ ಮನೆಯಲ್ಲಿ ಇನ್ನಷ್ಟು ಪ್ರತಿ ತೆಗೆದೆ. ಒಬ್ಬಳೇ. ಸ್ಟೂಲನ್ನು ಅವಳು ಕೂರುತ್ತಿದ್ದ ಕಡೆಯೇ ಬಿಟ್ಟಿದ್ದೆ. ಕತ್ತಲಲ್ಲಿ ಅದಕ್ಕೆ ಮೊಣಕಾಲು ಹೊಡೆಯಿತು. "ದಾರಿ ಬಿಡೆ" ಅಂದೆ.

ಎತ್ತಿದ್ದು ಜಾಸ್ತಿಯಾಯಿತು, ಮಾರ್ಲಿಸ್‌ನ ಗಿರಾಕಿಯಾದಳು. ಕಡಿಮೆ ಎತ್ತಿದರೆ ಅಳುವ ಹಾಗೆ ಕಾಣುತ್ತಾಳೆ. ಹೇಳಿಕೊಡುತ್ತೇನೆ ಅಂದಿದ್ದಳು. ಆಗ ಕೇಳಿಸಿಕೊಂಡಿದ್ದರೆ ಕಾಗದವಾದರೂ ಉಳಿಯುತ್ತಿತ್ತು.

ಏಪ್ರಿಲ್ 13

ಬಲ ಅಂಚು ನಿಜವಾಗಿ ಹೇಗಿತ್ತು? ಕಣ್ಣು ಮುಚ್ಚಿ ಕೂತು ನೋಡಿದೆ. ಪಾಸ್‌ಪೋರ್ಟ್ ಕಚೇರಿಯಲ್ಲಿ ಗುಮಾಸ್ತೆಗೆ "ಇವಳು ನನ್ನ ತಂಗಿಯೇ, ಬೇರೆ ಯಾರಿಗೂ ಇಷ್ಟು ಹಟ ಇಲ್ಲ" ಅಂದಾಗ ಹೇಗಿತ್ತು, ನನಗೆ "ಬೆಳಕು ಹಾಗೆ ಬಿತ್ತು" ಅಂದಾಗ ಹೇಗಿತ್ತು. ಗೊತ್ತಾಯಿತು. ನನಗೆ ಅಷ್ಟು ಚೆನ್ನಾಗಿ ಗೊತ್ತಿದೆಯೆಂದು ಗೊತ್ತಿರಲಿಲ್ಲ.

ಏಪ್ರಿಲ್ 18, ಗುರುವಾರ

ಬೆಳಿಗ್ಗೆ ಎಣ್ಣೆ ಕಾಯಿಸಿ ಹಿಟ್ಟಿನ ಬೋರ್ಸೋಕ್ ಕರಿದೆ. ಗುರುವಾರ ಕರಿದ ವಾಸನೆ ಹೋದವರಿಗೆ ಮುಟ್ಟುತ್ತದೆ ಎನ್ನುತ್ತಾರೆ. ನಾನು ನಂಬುವುದಿಲ್ಲ. ಎಣ್ಣೆ ಕಡಿಮೆಯಾಯಿತು ಎಂದು ಅವಳು ಅನ್ನಬಾರದಲ್ಲ ಎಂದು ಧಾರಾಳವಾಗಿ ಹಾಕಿದೆ.

ಕಿಟಕಿಯ ಬೆಳಕಿನಲ್ಲಿ ಕೂತು ಕೆಲಸ ಮುಗಿಸಿದೆ. ಜಾರಿದ ನೆರಳನ್ನು ಕೆರೆದೆ, ಕೂದಲೆಳೆಯಷ್ಟು ಗೆರೆ ಎಳೆದೆ. ಮುಗಿಸಿ ದೂರ ಹಿಡಿದು ನೋಡಿದಾಗ ಅವಳು ನನ್ನ ಕಡೆ ತಿರುಗಿ ಬೈಯುತ್ತಿದ್ದಳು, ಬಾಯಿಯ ಎರಡೂ ಅಂಚಿನಿಂದ.

ಅವಳ ಅರ್ಧವನ್ನು ಕತ್ತರಿಸಿ ಮಾರ್ಲಿಸ್‌ಗೆ ಕೊಟ್ಟೆ. ಕಂಪ್ಯೂಟರಿನಲ್ಲಿ ಮುಖಕ್ಕೆ ಕೈ ಹಚ್ಚಿದರೆ ಕಲ್ಲು ಅವನ ತಲೆಯ ಮೇಲೆ ನಿಲ್ಲಿಸುತ್ತೇನೆ ಎಂದು ಹೇಳಿ ಕೊಟ್ಟೆ. ಬೆಟ್ಟ ಬೇಡ ಅಂದದ್ದಕ್ಕೆ ಅವನಿಗೆ ಬಹಳ ಬೇಸರವಾಯಿತು.

"ಇವರು ನೇರ ನೋಡ್ತಿಲ್ಲವಲ್ಲ ಅಮ್ಮಾ. ಪಕ್ಕದಲ್ಲಿ ಯಾರನ್ನ ನೋಡ್ತಿದಾರೆ?"

"ಯಾರನ್ನೂ ಇಲ್ಲ. ನೀನು ಕೆಲಸ ನೋಡು."

ಉಳಿದ ಅರ್ಧ ಈಗ ನನ್ನ ಮುಂದೆ ಮೇಜಿನ ಮೇಲಿದೆ. ಮೇಕೆಯ ಹಾಗೆ ಗದ್ದ ಎತ್ತಿ ಕೂತಿದ್ದೇನೆ. ಗೆರೆ ಢಾಳಾಗಿ ಕಾಣುತ್ತಿದೆ, ಅಲಗು ಪಕ್ಕದಲ್ಲೇ ಇದೆ, ಕೈಗೂ ಈಗ ಸ್ವಲ್ಪ ಅಭ್ಯಾಸವಾಗಿದೆ.

ಮುಟ್ಟಲಿಲ್ಲ. ಅದು ಅವಳ ಕೆಲಸ.